ಕಡಪ ಕಲ್ಲಿನ ಅಡುಗೆಮನೆಗೆ ಮಕ್ಕಳ ಲಾಕ್: ಮಳೆಗಾಲದಲ್ಲಿ ಯಾವುದು ನಿಲ್ಲುತ್ತದೆ?

ಪ್ರಶ್ನೆ: ಸಾಗರದ ಅಜ್ಜಿ

ಜೂನ್ ಎರಡನೆಯ ವಾರ ಮಗಳು, ಅಳಿಯ, ಮೊಮ್ಮಗ ಡಲ್ಲಾಸಿನಿಂದ ಬರುತ್ತಿದ್ದಾರೆ. ಹುಡುಗನಿಗೆ ಆಗ ಹದಿನಾಲ್ಕು ತಿಂಗಳು ತುಂಬಿರುತ್ತದೆ. ವಿಡಿಯೊ ಕರೆಯಲ್ಲಿ ನಾನು ಕಂಡ ಮಟ್ಟಿಗೆ ಅವನಿಗೆ ಆಟಿಕೆಗಳಲ್ಲಿ ಆಸಕ್ತಿಯೇ ಇಲ್ಲ, ಮುಚ್ಚಿದ್ದನ್ನು ತೆರೆಯುವುದೊಂದೇ ಉದ್ಯೋಗ. ತೆರೆದ ಡ್ರಾಯರನ್ನು ಮೆಟ್ಟಿಲು ಮಾಡಿಕೊಂಡು ಮೇಲೆ ಹತ್ತಲೂ ನೋಡುತ್ತಾನೆ. ಅಲ್ಲಿನ ಮನೆಯಲ್ಲಿ ಕಪಾಟುಗಳಿಗೆಲ್ಲ ಲಾಕ್ ಹಾಕಿಸಿದ್ದಾರೆ. "ಅಮ್ಮ, ಅಂಟಿಸುವ ಪಟ್ಟಿ ಲಾಕುಗಳನ್ನು ನಾನೇ ತರುತ್ತೇನೆ, ನೀನು ಏನೂ ಮಾಡಬೇಡ" ಎಂದು ಮಗಳು ಹೇಳಿದ್ದಾಳೆ. ಏನೂ ಮಾಡದೆ ಕೂರುವುದು ನನಗೆ ಬರುವುದಿಲ್ಲ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಮೊದಲು ದತ್ತ ಬರೆದು ಆಮೇಲೆ ಸಾಧನೀಯಕ್ಕೆ ಬರುವುದು ಅಭ್ಯಾಸ.

ದತ್ತ. ಮನೆ 1991ರದ್ದು. ಅಡುಗೆಮನೆಯ ಒಂದು ಗೋಡೆಯುದ್ದಕ್ಕೂ ಕಡಪ ಕಲ್ಲಿನ ಅಡ್ಡಹಲಗೆಗಳು. ಅವುಗಳ ಮುಂದೆ ಸಾಗುವಾನಿ ಚೌಕಟ್ಟು, ಚೌಕಟ್ಟಿನ ಒಳಗೆ ಕೂರುವ ಪ್ಲೈವುಡ್ಡಿನ ಜೋಡಿ ಕದಗಳು, ಪ್ರತಿ ಕದಕ್ಕೂ ಒಂದು ಮರದ ಗುಂಡಿ. ಇನ್ನೊಂದು ಗೋಡೆಗೆ ಕೆಲವು ವರ್ಷಗಳ ಹಿಂದೆ ಮಗ ಹೊಸದಾಗಿ ಮಾಡ್ಯುಲರ್ ಕಿಚನ್ ಮಾಡಿಸಿದ. ಅಲ್ಲಿ ಸಿಂಕ್ ಕೆಳಗೆ ಒಂದು ಕಪಾಟು ಮತ್ತು ಒಂದರ ಕೆಳಗೊಂದು ಮೂರು ಡ್ರಾಯರು. ಇವುಗಳಿಗೆ ಹಿಡಿ ಇಲ್ಲ. ಮೇಲಂಚಿಗೆ ಕೂರಿಸಿದ ಅಲ್ಯೂಮಿನಿಯಂ ಪಟ್ಟಿಯೊಳಗೆ ಬೆರಳು ತೂರಿಸಿ ಎಳೆಯಬೇಕು.

ಒಳಗಿರುವುದು: ಹಳೆಯ ಕಡೆ ಗ್ಯಾಸ್ ಸಿಲಿಂಡರ್, ಮೆಟ್ಟುಗತ್ತಿ, ತುರಿಮಣೆ, ಉಪ್ಪಿನಕಾಯಿ ಜಾಡಿಗಳು. ಸಿಂಕ್ ಕೆಳಗೆ ಫಿನಾಯಿಲ್, ಬಚ್ಚಲು ತೊಳೆಯುವ ಆಸಿಡ್. ಡ್ರಾಯರುಗಳಲ್ಲಿ ಮೇಲಿನದರಲ್ಲಿ ಚಾಕು, ಸೌಟು, ತೂಕದ ಯಂತ್ರ. ನಡುವಿನದು ನಮ್ಮ ಯಜಮಾನರ ಕವಳದ ಸಂಸ್ಥಾನ: ಸುಣ್ಣದ ಡಬ್ಬಿ, ಅಡಕತ್ತರಿ, ಹೋಳು ಅಡಿಕೆ, ತಂಬಾಕು. ಹಿತ್ತಿಲ ಬಾಗಿಲ ಪಕ್ಕದ ಕಲ್ಲಿನ ಗೂಡಿನಲ್ಲಿ ಮೈಲುತುತ್ತದ (ತಾಮ್ರದ ಸಲ್ಫೇಟ್) ಚೀಲ. ಅವರು ಬರುವ ಹೊತ್ತು ಇಲ್ಲಿ ತೋಟಕ್ಕೆ ಔಷಧಿ ಹೊಡೆಯುವ ಹೊತ್ತು.

ಸಾಧನೀಯ. ಹುಡುಗ ತೆರೆಯಬಾರದು, ನಾನು ತೆರೆಯಬೇಕು. ನನ್ನ ಬೆರಳಿನ ಗಂಟುಗಳಲ್ಲಿ ಸಂಧಿವಾತವಿದೆ, ಒತ್ತಿ ಹಿಡಿದು ಎಳೆಯುವ ಕೆಲಸ ಆಗದು. ಜೂನ್ ತಿಂಗಳಲ್ಲಿ ನಮ್ಮೂರಿನಲ್ಲಿ ಗೋಡೆಗೆ ಅಂಟಿಸಿದ್ದು ಯಾವುದೂ ಉಳಿಯುವುದಿಲ್ಲ, ಕದಗಳು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತವೆ. ಎರಡು ಗುಂಡಿಗಳಿಗೆ ಸೆಣಬಿನ ಹಗ್ಗ ಕಟ್ಟಿದರೆ ಸಾಕೆಂಬುದು ಯಜಮಾನರ ಸಲಹೆ. ಆ ಹಗ್ಗವನ್ನು ಒಗ್ಗರಣೆಯ ನಡುವೆ ಬಿಚ್ಚುವವರು ಅವರಲ್ಲ.

ಯಾವ ಜಾಗಕ್ಕೆ ಯಾವ ಲಾಕ್, ತಿಳಿದವರು ಹೇಳಿ.

ಉತ್ತರ: ಎಡಿಸನ್ ಅಮ್ಮ

ಅಮ್ಮ, ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ನಿಮ್ಮ ಮಗಳು ತರುವ ಪಟ್ಟಿ ಲಾಕುಗಳನ್ನು ಬೇಡ ಎನ್ನಬೇಡಿ, ಫ್ರಿಜ್ಜಿಗೂ ಬಾತ್‌ರೂಮಿನ ಕಪಾಟಿಗೂ ಒಳ್ಳೆಯವು. ಆದರೆ ಆಸಿಡ್ ಇರುವ ಕಡೆ ಅವನ್ನು ನಂಬಬೇಡಿ. ಪಟ್ಟಿ ಹೊರಗೆ ಕಾಣುತ್ತದೆ. ನಾವು ಗುಂಡಿ ಒತ್ತಿ ಬಿಡಿಸುವುದನ್ನು ಮಗು ಪಕ್ಕದಲ್ಲೇ ನಿಂತು ನೋಡುತ್ತಿರುತ್ತದೆ. ನನ್ನ ಎರಡನೆಯವನು ಎರಡು ವರ್ಷ ತುಂಬುವ ಮೊದಲೇ ಅದನ್ನು ಕಲಿತುಕೊಂಡ, ಮೊದಲನೆಯವಳಿಗೆ ಅದರ ಗೊಡವೆಯೇ ಇರಲಿಲ್ಲ. ಮಕ್ಕಳಲ್ಲಿ ಅಷ್ಟು ವ್ಯತ್ಯಾಸ ಇರುತ್ತದೆ.

ಕದದ ಎರಡು ಗುಂಡಿಗಳಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಲಾಕ್ ನಿಮ್ಮ ಹಳೆಯ ಕಪಾಟಿಗೆ ಸರಿಹೊಂದುತ್ತದೆ ಎಂದು ಯಾರಾದರೂ ಹೇಳಿಯಾರು. ಆ ಬಗೆಯ ಒಂದು ಮಾದರಿಯ ಸುಮಾರು 9 ಲಕ್ಷ ಲಾಕುಗಳನ್ನು 2012ರಲ್ಲಿ ಇಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡರು. ಚಿಕ್ಕ ಮಕ್ಕಳು ಅದನ್ನು ಬಿಡಿಸಿ ಒಳಗಿದ್ದ ತೊಳೆಯುವ ದ್ರವಕ್ಕೆ ಕೈ ಹಾಕಿದ ದೂರುಗಳು ಬಂದಿದ್ದವು. ಯಾವುದನ್ನೇ ಕೊಂಡರೂ ಹಾಕಿದ ಮೇಲೆ ನೀವೇ ಬಲವಾಗಿ ಎಳೆದು, ಅಲುಗಾಡಿಸಿ ನೋಡಿ.

ಇನ್ನೊಂದು. ಎಲ್ಲದಕ್ಕೂ ಬೀಗ ಜಡಿಯಬೇಡಿ. ಕೆಳಗಿನ ಡ್ರಾಯರನ್ನು ಅವನಿಗೇ ಬಿಟ್ಟುಕೊಡಿ. ಸ್ಟೀಲ್ ಬಟ್ಟಲು, ಮರದ ಸೌಟು, ಮುಚ್ಚಳ ಇಲ್ಲದ ಡಬ್ಬಿಗಳನ್ನು ಹಾಕಿಡಿ. ಅಡುಗೆಮನೆಯಲ್ಲಿ ತನ್ನದೂ ಒಂದು ಜಾಗ ಇದ್ದರೆ ಬೇರೆಯವುಗಳ ಮೇಲಿನ ಹಟ ಅರ್ಧ ಇಳಿಯುತ್ತದೆ. ಗದ್ದಲ ಮಾತ್ರ ಸಹಿಸಿಕೊಳ್ಳಬೇಕು.

ಉತ್ತರ: ದಾವಣಗೆರೆ ಮರಗೆಲಸ

ಮೇಡಂ, ಇಷ್ಟು ಸ್ಪಷ್ಟವಾಗಿ ವಿವರ ಹೇಳುವ ಗಿರಾಕಿ ನಮಗೆ ಸಿಗುವುದೇ ಕಡಿಮೆ. ಮಾಡ್ಯುಲರ್ ಕಿಚನ್ ಕೂರಿಸುವುದು ನನ್ನ ಕೆಲಸ, ಕಡಪ ಕಲ್ಲಿನ ಕೆಲಸವನ್ನು ತಂದೆಯವರಿಂದ ಕಲಿತವನು. ಒಂದೊಂದಾಗಿ ಹೇಳುತ್ತೇನೆ.

ಅಂಗಡಿಗೆ ಹೋಗುವ ಮೊದಲು ಮುಖ್ಯವಾಗಿ ನೋಡಬೇಕಾದದ್ದು ಕದ ಚೌಕಟ್ಟಿನ ಒಳಗೆ ಕೂರುತ್ತದೋ ಅದರ ಮೇಲೆ ಬಂದು ಕೂರುತ್ತದೋ ಎಂಬುದು. ಹೊಸ ಮಾಡ್ಯುಲರ್ ಕೆಲಸದಲ್ಲಿ ಕದ ಪೆಟ್ಟಿಗೆಯ ಅಂಚನ್ನು ಮುಚ್ಚಿಕೊಂಡು ಹೊರಗೆ ನಿಲ್ಲುತ್ತದೆ, ಚೌಕಟ್ಟು ಇರುವುದಿಲ್ಲ. ಅಮೆರಿಕದಲ್ಲಿ ಚೌಕಟ್ಟಿರುವ ಕಪಾಟುಗಳು ಹೆಚ್ಚು. ಹಾಗಾಗಿ ಅಲ್ಲಿಯ ಸ್ಪ್ರಿಂಗ್ ಲಾಕ್ ಎಷ್ಟೋ ಸಲ ಬೆಂಗಳೂರಿನ ಹೊಸ ಫ್ಲ್ಯಾಟಿಗೆ ಕೂರುವುದಿಲ್ಲ, ನಿಮ್ಮ 1991ರ ಕಪಾಟಿಗೆ ಚೆನ್ನಾಗಿ ಕೂರುತ್ತದೆ. ಸ್ಪ್ರಿಂಗ್ ಲಾಕ್ ಎಂದರೆ ಕದದ ಒಳಬದಿಗೆ ಒಂದು ಉದ್ದ ಪ್ಲಾಸ್ಟಿಕ್ ಕೊಕ್ಕೆ, ಚೌಕಟ್ಟಿನ ಹಿಂದೆ ಅದು ಸಿಕ್ಕಿಕೊಳ್ಳುವ ತುಂಡು. ಕದ ಒಂದು ಇಂಚು ತೆರೆದು ನಿಲ್ಲುತ್ತದೆ. ಬೆರಳು ತೂರಿಸಿ ಕೊಕ್ಕೆಯನ್ನು ಕೆಳಗೆ ಒತ್ತಿದರೆ ಬಿಡುತ್ತದೆ. ಅಗ್ಗ, ಗಟ್ಟಿ. ಆದರೆ ನಿಮಗೆ ಎರಡು ತೊಂದರೆ. ನಿಮ್ಮ ಬೆರಳಿಗೆ ಆ ಒತ್ತುವಿಕೆ ನೋವು ಕೊಡುತ್ತದೆ. ಆ ಒಂದು ಇಂಚಿನ ಸಂದಿನಲ್ಲಿ ಮಗು ಬೆರಳಿಟ್ಟಾಗ ಯಾರಾದರೂ ಕದ ದೂಡಿದರೆ ಬೆರಳು ಜಜ್ಜುತ್ತದೆ.

ಆದ್ದರಿಂದ ಮೆಟ್ಟುಗತ್ತಿಯ ಕಪಾಟಿಗೂ ಸಿಂಕಿನ ಕಪಾಟಿಗೂ ಮ್ಯಾಗ್ನೆಟ್ ಲಾಕ್ ಹಾಕಿಸಿ. ಅದು ಪೂರ್ತಿ ಒಳಗಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ, ಕದ ಹೆಚ್ಚೇನೂ ಸರಿಯುವುದಿಲ್ಲ. ಅಂಗೈಗೆ ಹೊಂದುವ ಒಂದು ಅಯಸ್ಕಾಂತದ ಕೀಲಿ ಕೊಡುತ್ತಾರೆ. ಕದದ ಮೇಲೆ ಗುರುತಿನ ಜಾಗದಲ್ಲಿ ಅದನ್ನು ಇಟ್ಟರೆ ಒಳಗಿನ ಕೊಕ್ಕೆ ಏಳುತ್ತದೆ. ಬಲ ಬೇಡ, ಬೆರಳಿಗೆ ಸುಖ. ಕೊಳ್ಳುವಾಗ ಎಷ್ಟು ದಪ್ಪದ ಕದದವರೆಗೆ ಎಳೆಯುತ್ತದೆ ಎಂದು ಡಬ್ಬಿಯ ಮೇಲೆ ಓದಿ. ಮಾಮೂಲು ಕದ 18 ಮಿಲಿಮೀಟರ್ ಪ್ಲೈ, ಎರಡೂ ಬದಿ ಒಂದೊಂದು ಮಿಲಿಮೀಟರ್ ಸನ್ಮೈಕಾ, ಒಟ್ಟು 20. ನಿಮ್ಮ ಹಳೆಯ ಕದಕ್ಕೆ ಬೀಡಿಂಗ್ ಪಟ್ಟಿ ಹೊಡೆದಿದ್ದರೆ ಅದು ಇನ್ನೂ ದಪ್ಪ. ಪಟ್ಟಿ ಇಲ್ಲದ ಜಾಗ ನೋಡಿ ಕೂರಿಸಬೇಕು.

ಕಡಪ ಕಲ್ಲಿನಲ್ಲಿ ಇರುವ ಪೇಚು ಬೇರೆ. ಲಾಕಿನ ಇನ್ನೊಂದು ತುಂಡನ್ನು ಕಪಾಟಿನ ಒಳಗೆ ಮೇಲುಭಾಗಕ್ಕೆ ಹೊಡೆಯಬೇಕು. ನಿಮ್ಮಲ್ಲಿ ಅಲ್ಲಿ ಇರುವುದು ಕಲ್ಲು. ಕಲ್ಲಿಗೆ ಡ್ರಿಲ್ ಹಾಕಲು ಯಾರನ್ನೂ ಬಿಡಬೇಡಿ, ಅಂಚಿನ ಹತ್ತಿರ ಚಕ್ಕೆ ಎದ್ದರೆ ಇಡೀ ಹಲಗೆಯೇ ಬಿರುಕು ಬಿಟ್ಟೀತು. ಒಂದು ಇಂಚು ದಪ್ಪದ ಮರದ ರೀಪನ್ನು ಚೌಕಟ್ಟಿನ ಹಿಂಬದಿಗೆ ಎರಡು ಸ್ಕ್ರೂ ಹಾಕಿ ಬಿಗಿಸಿ ಅದಕ್ಕೆ ಲಾಕ್ ಕೂರಿಸಲಿ. ಊರಿನ ಯಾವ ಬಡಗಿಯಾದರೂ ಅರ್ಧ ಗಂಟೆಯಲ್ಲಿ ಮಾಡುತ್ತಾನೆ.

ಜೋಡಿ ಕದಗಳಿಗೆ ಎರಡೆರಡು ಲಾಕ್ ಬೇಕಿಲ್ಲ. ಎಡಗದಕ್ಕೆ ಒಳಗಿನಿಂದ ಸಣ್ಣ ಟವರ್ ಬೋಲ್ಟ್ (ಸರಿಸುವ ಚಿಲಕ) ಹಾಕಿಸಿ ಮೇಲಿನ ಚೌಕಟ್ಟಿಗೆ ಸೇರಿಸಿ. ಬಲಗದ ಅದರ ಮೇಲೆ ಮುಚ್ಚುವಂತಿರಲಿ, ಲಾಕ್ ಬಲಗದಕ್ಕೆ ಮಾತ್ರ. ಕೆಲವರು ಟವರ್ ಬೋಲ್ಟನ್ನು ಹೊರಗೇ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಅಡುಗೆ ಕಟ್ಟೆಯ ಎತ್ತರ ಸುಮಾರು 85 ಸೆಂಟಿಮೀಟರ್. ಮುಕ್ಕಾಲು ಮೀಟರ್ ಎತ್ತರದ ಮಗು ಕೈ ಚಾಚಿದರೆ ಆ ಬೋಲ್ಟ್ ಸಿಗುತ್ತದೆ, ಸರಿಸುವುದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು.

ಸಿಲಿಂಡರ್ ಇರುವ ಕಪಾಟಿಗೆ ಮಾತ್ರ ಮ್ಯಾಗ್ನೆಟ್ ಬೇಡ, ಕೀಲಿ ಇರುವ ಬೀಗ ಬೇಡವೇ ಬೇಡ. ಗ್ಯಾಸ್ ವಾಸನೆ ಬಂದ ಹೊತ್ತಿನಲ್ಲಿ ಕೀಲಿ ಎಲ್ಲಿದೆ ಎಂದು ಹುಡುಕುವಂತಾಗಬಾರದು. ದೊಡ್ಡವರು ಯಾರೇ ಬಂದರೂ ಒಂದೇ ಕೈಯಲ್ಲಿ ತೆರೆಯುವಂತಿರಬೇಕು. ಅಲ್ಲಿಗೆ ಸ್ಪ್ರಿಂಗ್ ಲಾಕ್ ಸಾಕು, ಸಿಲಿಂಡರ್ ಕಪಾಟನ್ನು ನೀವು ದಿನಕ್ಕೆ ಹತ್ತು ಸಲ ತೆರೆಯುವವರಲ್ಲವಲ್ಲ. ರಾತ್ರಿ ರೆಗ್ಯುಲೇಟರ್ ಆರಿಸುವಾಗ ಯಜಮಾನರ ಬೆರಳು ಉಪಯೋಗವಾಗಲಿ. ಆ ಕದದ ಕೆಳಭಾಗದಲ್ಲಿ ಗಾಳಿ ಆಡಲು ತೂತು ಇದೆಯೇ ನೋಡಿಕೊಳ್ಳಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಮಗು ಕೈ ತೂರಿಸುತ್ತದೆಂದು ಆ ತೂತುಗಳನ್ನು ಮುಚ್ಚಿದವರನ್ನು ನೋಡಿದ್ದೇನೆ. ಮುಚ್ಚಬೇಡಿ, ಒಳಗಿನಿಂದ ಸೊಳ್ಳೆ ಜಾಲರಿ ಹೊಡೆಸಿ.

ಡ್ರಾಯರುಗಳ ವಿಷಯ. ನಿಮ್ಮವಕ್ಕೆ ಹಿಡಿ ಇಲ್ಲದ್ದರಿಂದ ಸಿಕ್ಕಿಸುವ ಲಾಕುಗಳೆಲ್ಲ ಹೊರಗಾದವು. ಮ್ಯಾಗ್ನೆಟ್ ಹಾಕಬೇಕಾದರೆ ಮೇಲಿನ ಡ್ರಾಯರಿಗೆ ಮೇಲಿನ ಪಟ್ಟಿಯಲ್ಲಿ ಜಾಗ ಸಿಗುತ್ತದೆ. ನಡುವಿನದಕ್ಕೆ ಮೇಲೆ ಏನೂ ಇಲ್ಲ, ಬರೀ ಮೇಲಿನ ಡ್ರಾಯರಿನ ತಳ. ಅದಕ್ಕೆ ಪಕ್ಕದ ಹಲಗೆಗೆ ಅಡ್ಡಲಾಗಿ ಕೂರಿಸಬೇಕು, ಬದಿಯ ಲೋಹದ ತಟ್ಟೆಗೆ ತಗಲದಂತೆ ಅಳತೆ ಹಿಡಿಯಬೇಕು. ಡ್ರಾಯರುಗಳು ಸಾಲಿನ ಕೊನೆಯಲ್ಲಿದ್ದು ಪಕ್ಕದ ಹಲಗೆ ಹೊರಗೆ ಕಾಣುತ್ತಿದ್ದರೆ ಅಂಟು ಪಟ್ಟಿಯನ್ನು ಮೂಲೆ ಬಳಸಿ ಹಾಕಬಹುದು. ಮೇಲಿನ ಡ್ರಾಯರಿನಿಂದ ಕೆಳಗಿನದಕ್ಕೆ ಪಟ್ಟಿ ಹಾಕುವ ಬುದ್ಧಿವಂತಿಕೆ ಬೇಡ. ಒಂದನ್ನು ಎಳೆದರೆ ಎರಡೂ ಒಟ್ಟಿಗೆ ಬರುತ್ತವೆ.

ಅಂಟು ಮಳೆಗಾಲದಲ್ಲಿ ನಿಲ್ಲುವುದಿಲ್ಲ ಎಂಬುದು ಅರ್ಧ ಸತ್ಯ. ಒದ್ದೆ ಮೈಗೆ, ಎಣ್ಣೆ ಜಿಡ್ಡಿನ ಮೈಗೆ ಅಂಟಿಸಿದರೆ ನಿಲ್ಲುವುದಿಲ್ಲ. ಅಡುಗೆಮನೆಯ ಸನ್ಮೈಕಾ ಕಣ್ಣಿಗೆ ಸ್ವಚ್ಛವಾಗಿ ಕಂಡರೂ ಒಗ್ಗರಣೆಯ ಜಿಡ್ಡು ಇದ್ದೇ ಇರುತ್ತದೆ. ಸಾಬೂನು ನೀರಿನಿಂದ ಒರೆಸಿ, ಒಣಗಿಸಿ, ಆಮೇಲೆ ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಹಾಕಿ ಒರೆಸಿ. ಅಂಟಿಸಿ ಅರ್ಧ ನಿಮಿಷ ಬಲವಾಗಿ ಒತ್ತಿ. ಕನಿಷ್ಠ ಒಂದು ದಿನ ಮುಟ್ಟಬೇಡಿ, ಈ ಫೋಮ್ ಟೇಪ್ ಪೂರ್ತಿ ಹಿಡಿಯಲು ಮೂರು ದಿನ ಬೇಕು. ಮಗಳು ಬಂದ ದಿನ ಜಡಿಮಳೆಯಲ್ಲಿ ಅಂಟಿಸುವ ಬದಲು ಮೇ ತಿಂಗಳಲ್ಲೇ ಇಲ್ಲಿಯೇ ಕೊಂಡು ಅಂಟಿಸಿ. ಸಾಗುವಾನಿ ಪಾಲಿಶ್ ಮೇಲೆ ಮಾತ್ರ ಬೇಡ, ತೆಗೆಯುವಾಗ ಪಾಲಿಶ್ ಸಮೇತ ಬರುತ್ತದೆ. ಸನ್ಮೈಕಾದಿಂದ ತೆಗೆಯುವಾಗ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಗಟ್ಟಿ ದಾರವನ್ನು ಹಿಂದಿನಿಂದ ಗರಗಸ ಎಳೆದಂತೆ ಎಳೆಯಿರಿ. ಉಳಿದ ಗೋಂದಿಗೆ ಕೊಬ್ಬರಿ ಎಣ್ಣೆ ಸಾಕು.

ಹಗ್ಗದ ವಿಷಯದಲ್ಲಿ ಯಜಮಾನರನ್ನು ಪೂರ್ತಿ ತಳ್ಳಿಹಾಕಬೇಡಿ. ವರ್ಷಕ್ಕೊಮ್ಮೆ ತೆರೆಯುವ ಕಪಾಟಿಗೆ ಅದೇ ಉತ್ತಮ.

ಉತ್ತರ: ಮಂಗಳೂರಿನ ನರ್ಸ್

ಟೀಚರ್, ಲಾಕ್ ಬಗ್ಗೆ ಮೇಲಿನವರು ಹೇಳಿದ ಮೇಲೆ ನನಗೆ ಹೇಳುವುದು ಉಳಿದಿಲ್ಲ. ನಾನು ಮಕ್ಕಳ ವಾರ್ಡಿನವಳು, ನಿಮ್ಮ ಪಟ್ಟಿಯನ್ನು ಮಾತ್ರ ಓದುತ್ತಿದ್ದೇನೆ.

ಮೈಲುತುತ್ತ. ಅದಕ್ಕೆ ಎಂಥ ಲಾಕ್ ಹಾಕಿದರೂ ಅಡುಗೆಮನೆಯಲ್ಲಿ ಇರಬಾರದು. ಹೊಳೆಯುವ ನೀಲಿ ಹರಳು, ಮಗು ಬಾಯಿಗೆ ಹಾಕದೆ ಬಿಡುವುದಿಲ್ಲ. ಅದು ಹೊಟ್ಟೆಯ ಒಳಪದರವನ್ನು ಸುಡುತ್ತದೆ, ರಕ್ತಕಣಗಳನ್ನು ಒಡೆಯುತ್ತದೆ, ಮೂತ್ರಪಿಂಡ ಮತ್ತು ಯಕೃತ್ತಿಗೂ ಹಾನಿ ಮಾಡುತ್ತದೆ. ತೋಟದ ಮನೆಗೋ ಕೊಟ್ಟಿಗೆಯ ಅಟ್ಟಕ್ಕೋ ಸಾಗಿಸಿ. ಬೋರ್ಡೋ ದ್ರಾವಣ (ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ತೋಟದ ಔಷಧಿ) ಕಲಸಿದ ಬಕೆಟ್ಟು, ಕೋಲು ಹಿತ್ತಿಲಲ್ಲಿ ಹಾಗೆಯೇ ಬಿದ್ದಿರುತ್ತವೆ, ಅವನ್ನೂ ನೋಡಿಕೊಳ್ಳಿ.

ಸುಣ್ಣದ ಡಬ್ಬಿ. ಎಲ್ಲರೂ ಹಗುರವಾಗಿ ತೆಗೆದುಕೊಳ್ಳುವ ವಸ್ತು ಇದು. ಮಕ್ಕಳ ಕಣ್ಣಿಗೆ ಸುಣ್ಣ ಸಿಡಿದರೆ ದೃಷ್ಟಿಯೇ ಹೋಗಬಹುದು. ಸಿಡಿದರೆ ಉಜ್ಜಬೇಡಿ, ತಕ್ಷಣ ಧಾರಾಳ ನೀರಿನಿಂದ ಕಾಲು ಗಂಟೆಗೂ ಹೆಚ್ಚು ತೊಳೆಯಿರಿ, ಆಮೇಲೆ ಆಸ್ಪತ್ರೆ. ಹೋಳು ಅಡಿಕೆ ಹದಿನಾಲ್ಕು ತಿಂಗಳ ಮಗುವಿನ ಉಸಿರಿನ ನಾಳಕ್ಕೆ ಸರಿಯಾಗಿ ಸಿಕ್ಕಿಕೊಳ್ಳುವ ಗಾತ್ರ. ತಂಬಾಕಿನ ನಿಕೋಟಿನ್ ಪುಟ್ಟ ಮಗುವಿಗೆ ನೇರ ವಿಷ. ಕವಳದ ಸಂಸ್ಥಾನವನ್ನು ಆಳೆತ್ತರದ ಗೂಡಿಗೆ ಏರಿಸಿ.

ಆ ತೂಕದ ಯಂತ್ರದೊಳಗೆ ಬಿಲ್ಲೆ ಆಕಾರದ ಬ್ಯಾಟರಿ ಇದೆಯೇ ನೋಡಿ. ನಾನು ಅತಿ ಹೆಚ್ಚು ಹೆದರುವುದು ಅದಕ್ಕೆ. ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಗಂಭೀರವಾಗಿ ಸುಟ್ಟುಬಿಡಬಹುದು. ಮೊದಮೊದಲು ಮಗು ಬರೀ ಜೊಲ್ಲು ಸುರಿಸುತ್ತದೆ, ಊಟ ಬೇಡ ಎನ್ನುತ್ತದೆ, ಅಷ್ಟೇ. ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಯಂತ್ರವಾದರೆ ಆ ದಿನಗಳ ಮಟ್ಟಿಗೆ ಮೇಲೆ ಎತ್ತಿಡಿ. ದೇವರ ಮನೆಯ ಕರ್ಪೂರವನ್ನೂ ಮರೆಯಬೇಡಿ. ಸ್ವಲ್ಪ ನುಂಗಿದರೂ ಮಕ್ಕಳಿಗೆ ಫಿಟ್ಸ್ ಬರಬಹುದು.

ಆಸಿಡ್, ಫಿನಾಯಿಲ್, ಸೀಮೆಎಣ್ಣೆ ಯಾವುದನ್ನೇ ಕುಡಿದರೂ ವಾಂತಿ ಮಾಡಿಸಬೇಡಿ. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ಎರಡೂ ಬೇಡ. ಬಾಟಲಿಯನ್ನು ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಹೊರಡಿ, 108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಸಂಖ್ಯೆ 1800 116 117, ಶುಲ್ಕವಿಲ್ಲ. ಫ್ರಿಜ್ಜಿನ ಮೇಲೆ ಬರೆದು ಅಂಟಿಸಿ. ಆಸಿಡನ್ನು ತಂಪು ಪಾನೀಯದ ಬಾಟಲಿಗೆ ಸುರಿದಿಡುವ ಪದ್ಧತಿ ನಿಮ್ಮಲ್ಲೂ ಇದ್ದರೆ ಇಂದೇ ನಿಲ್ಲಿಸಿ.

ಮರುಉತ್ತರ: ಸಾಗರದ ಅಜ್ಜಿ

ಮೂವರಿಗೂ ಧನ್ಯವಾದ. ಮೈಲುತುತ್ತ ಇಂದೇ ಮನೆಯಿಂದ ಹೊರಟಿತು. ಕವಳದ ಸಂಸ್ಥಾನದ ಸ್ಥಳಾಂತರಕ್ಕೆ ಸಂಜೆಯವರೆಗೆ ಮಾತುಕತೆ ನಡೆಯಿತು. ನರ್ಸ್ ಬರೆದದ್ದನ್ನು ಯಜಮಾನರಿಗೆ ಓದಿ ಹೇಳಿದೆ. "ನಮ್ಮ ಕಾಲದಲ್ಲಿ ಮಕ್ಕಳು ಸುಣ್ಣದ ಡಬ್ಬಿಯ ಜೊತೆಗೇ ಬೆಳೆದರು" ಎಂದರು. ಬೆಳೆದವರನ್ನು ಮಾತ್ರ ಲೆಕ್ಕ ಹಾಕುವುದು ಯಾವ ಗಣಿತ ಎಂದು ಕೇಳಿದೆ. ಡಬ್ಬಿ ಈಗ ಗಡಿಯಾರದ ಪಕ್ಕದ ಗೂಡಿನಲ್ಲಿದೆ.

ಎಡಿಸನ್ನಿನವರು ಹೇಳಿದಂತೆ ಕೆಳಗಿನ ಡ್ರಾಯರನ್ನು ಖಾಲಿ ಮಾಡಿದ್ದೇನೆ. ಆದರೆ ಅವನು ಅದನ್ನು ತೆರೆದು ಅದರ ಮೇಲೇ ಹತ್ತಿ ನಿಂತರೆ ಕಟ್ಟೆ ಕೈಗೆ ಸಿಗುತ್ತದೆ, ಕಟ್ಟೆಯ ಮೇಲೆ ಒಲೆ. ಮೇಲಿನ ಎರಡಕ್ಕೆ ಲಾಕ್ ಹಾಕಿ ಕೆಳಗಿನದನ್ನು ಬಿಟ್ಟರೆ ಮೆಟ್ಟಿಲನ್ನು ನಾನೇ ಕೊಟ್ಟಂತಾಗುವುದಿಲ್ಲವೇ?

ದಾವಣಗೆರೆಯವರಿಗೆ ಇನ್ನೊಂದು ಪ್ರಶ್ನೆ. ಮಳೆಗೆ ಉಬ್ಬುವ ಕದಕ್ಕೆ ಮೇ ತಿಂಗಳಲ್ಲಿ ಅಳತೆ ಹಿಡಿದು ಲಾಕ್ ಕೂರಿಸಿದರೆ ಜುಲೈಯಲ್ಲಿ ಅದು ಸರಿಯಾಗಿ ಸಿಕ್ಕಿಕೊಳ್ಳುತ್ತದೆಯೇ? ಮ್ಯಾಗ್ನೆಟ್ ಕೀಲಿ ಕಳೆದರೆ ಗತಿ ಏನು?

ಮರುಉತ್ತರ: ದಾವಣಗೆರೆ ಮರಗೆಲಸ

ಮೆಟ್ಟಿಲಿನ ಮಾತು ಸರಿ ಮೇಡಂ, ಅದು ನನಗೆ ಹೊಳೆದಿರಲಿಲ್ಲ. ಡ್ರಾಯರು ಜಾರುವ ಲೋಹದ ಚಾನೆಲ್ ಭಾರ ತಡೆಯುವಂಥದ್ದಾದರೂ ತೆರೆದ ಡ್ರಾಯರಿನ ಮೇಲೆ ಮಗು ನಿಲ್ಲುವುದು ಬೇಡ. ಅವನ ಸಾಮಾನನ್ನು ಹಳೆಯ ಕಡೆಯ ಒಂದು ಕಪಾಟಿಗೆ ಹಾಕಿ. ಒಲೆಯಿಂದ ದೂರ ಇರುವುದನ್ನು ಆರಿಸಿ, ಎರಡೂ ಕದ ಬಿಚ್ಚಿ ಎತ್ತಿಡಿ. ನೆಲಮಟ್ಟದ ಕಲ್ಲಿನ ಗೂಡಿಗೆ ಹತ್ತುವುದಕ್ಕೆ ಏನೂ ಇಲ್ಲ, ಬೆರಳು ಜಜ್ಜಲು ಕದವೂ ಇಲ್ಲ. ಮೂರೂ ಡ್ರಾಯರಿಗೆ ಲಾಕ್ ಹಾಕಿಸಿ.

ಕದ ಉಬ್ಬುವುದು ಹೆಚ್ಚಾಗಿ ಅಂಚು ತೆರೆದಿರುವ ಕಡೆಯಿಂದ. ಮೇ ತಿಂಗಳಲ್ಲಿ ಕದ ಬಿಚ್ಚಿ, ಕಚ್ಚುವ ಅಂಚನ್ನು ಉಜ್ಜುಗೊರಡಿನಿಂದ ಎರಡು ಮಿಲಿಮೀಟರ್ ಕೆತ್ತಿಸಿ, ತಕ್ಷಣ ಆ ಅಂಚಿಗೆ ಎರಡು ಸಲ ವಾರ್ನಿಷ್ ಬಳಿಸಿ. ಬಳಿಯದೆ ಬಿಟ್ಟರೆ ಕೆತ್ತಿದ ಜಾಗದಿಂದಲೇ ಇನ್ನಷ್ಟು ನೀರು ಕುಡಿಯುತ್ತದೆ. ಲಾಕಿನ ತುಂಡುಗಳಿಗೆ ಉದ್ದ ತೂತು ಇರುವುದನ್ನು ಕೊಳ್ಳಿ, ಸ್ಕ್ರೂ ಸಡಿಲಿಸಿ ಎರಡು ಮೂರು ಮಿಲಿಮೀಟರ್ ಆಚೀಚೆ ಸರಿಸಬಹುದು.

ಕೀಲಿ ಎರಡಿರುವ ಡಬ್ಬಿ ತೆಗೆದುಕೊಳ್ಳಿ. ಒಂದನ್ನು ಫ್ರಿಜ್ಜಿನ ನೆತ್ತಿಯ ಮೇಲೆ, ಬಾಗಿಲಿಗಲ್ಲ, ಇನ್ನೊಂದನ್ನು ಬೀರುವಿನಲ್ಲಿ ಇಡಿ. ಎರಡೂ ಹೋದರೆ ಯಾವುದಾದರೂ ಬಲವಾದ ನಿಯೋಡಿಮಿಯಂ ಅಯಸ್ಕಾಂತ ಕೆಲಸ ಮಾಡುತ್ತದೆ, ಹಳೆಯ ಸ್ಪೀಕರಿನದು ಹಿಡಿದು ನೋಡಿದರೂ ಕೆಲವೊಮ್ಮೆ ಬಿಡುತ್ತದೆ. ಹೆಚ್ಚಿನ ಲಾಕುಗಳಲ್ಲಿ ಒಳಗೊಂದು ಸಣ್ಣ ಗುಂಡಿ ಇರುತ್ತದೆ, ಅದನ್ನು ತಿರುಗಿಸಿಟ್ಟರೆ ಲಾಕ್ ಬೀಳುವುದೇ ಇಲ್ಲ. ಮೊಮ್ಮಗ ಹೊರಟ ಮೇಲೆ ಹಾಗೆ ಮಾಡಿಟ್ಟುಕೊಳ್ಳಿ. ಬಿಚ್ಚುವುದು ಬೇಡ, ಮುಂದಿನ ಸಲಕ್ಕೆ ಇರುತ್ತದೆ.

ಡಬ್ಬಿಯಲ್ಲಿ ಬರುವ ಸ್ಕ್ರೂಗಳನ್ನು ಹಾಕಬೇಡಿ, ನಿಮ್ಮೂರಿನ ತೇವಕ್ಕೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತವೆ. ಅರ್ಧ ಇಂಚಿನ ಸ್ಟೇನ್‌ಲೆಸ್ ಸ್ಕ್ರೂ ಬೇರೆ ತರಿಸಿ. ಒಂದು ಇಂಚಿನದನ್ನು ಹಾಕಿದರೆ ಕದದ ಆಚೆ ಬದಿಯಿಂದ ತುದಿ ಹೊರಬಂದೀತು ಎಂದು ಬಡಗಿಗೆ ಮೊದಲೇ ಹೇಳಿ.